ಡ್ಯಾನ್ಯೂಬ್ ನದಿ ಹುಟ್ಟುವುದು ಎಲ್ಲಿ, ನಡುದಾರಿಯಲ್ಲಿ ಮಾಯವಾಗುವುದು ಹೇಗೆ, ಅದರ ದೊಡ್ಡ ಮೀನು ಹೋದದ್ದು ಎಲ್ಲಿಗೆ?

ಹೊಳೆದಂಡೆ:
ಕಳೆದ ಆಗಸ್ಟಿನಲ್ಲಿ ನಾನೂ ನನ್ನ ಪತ್ನಿಯೂ ಸ್ಟುಟ್‌ಗಾರ್ಟ್‌ನಿಂದ ಎರಡು ದಿನಗಳ ಮಟ್ಟಿಗೆ ಕಪ್ಪುಕಾಡಿನ ಕಡೆಗೆ ಹೋಗಿದ್ದೆವು. ಡೊನಾವೆಶಿಂಗೆನ್ ಎಂಬ ಊರಿನ ಅರಮನೆಯ ತೋಟದಲ್ಲಿ ಕಲ್ಲಿನ ಕಟಾಂಜನದೊಳಗೆ ಒಂದು ದುಂಡನೆಯ ಕೊಳವಿದೆ. ಅದೇ ಡ್ಯಾನ್ಯೂಬ್ ನದಿಯ ಉಗಮಸ್ಥಾನವೆಂದು ಅಲ್ಲಿ ಬರೆದಿದ್ದಾರೆ. ತಲಕಾವೇರಿಯ ಕುಂಡಿಕೆಯನ್ನು ಕಂಡು ಬೆಳೆದ ನಮಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಆದರೆ ಮರುದಿನ ಅಲ್ಲಿಂದ ಕೆಳಕ್ಕೆ, ಇಮ್ಮೆಂಡಿಂಗೆನ್ ಎಂಬ ಊರಿನ ಹತ್ತಿರ ನದಿಯ ದಡಕ್ಕೆ ಇಳಿದಾಗ ನದಿಯೇ ಇರಲಿಲ್ಲ. ಪಾತ್ರವಿತ್ತು, ಎರಡೂ ಕಡೆ ದಡವಿತ್ತು, ದಡದಲ್ಲಿ ಮರಗಳಿದ್ದವು, ಆದರೆ ನೀರಿನ ಬದಲು ಬಿಳಿಯ ಉರುಟುಗಲ್ಲುಗಳು ಮಾತ್ರ ಬಿಸಿಲಿಗೆ ಕಾಯುತ್ತಿದ್ದವು. ಯೂರೋಪಿನ ಅತ್ಯಂತ ಉದ್ದದ ನದಿಯನ್ನು ನಾವು ಚಪ್ಪಲಿ ಬಿಚ್ಚದೆ ದಾಟಿದೆವು.

ನನ್ನ ಪ್ರಶ್ನೆಗಳು ಇವು. ನೀರು ಎಲ್ಲಿಗೆ ಹೋಗುತ್ತದೆ? ಅದು ಪೂರ್ತಿ ಮಾಯವಾಗುವುದಾದರೆ ಮುಂದೆ ಹರಿಯುವ ನದಿಯನ್ನು ಅದೇ ನದಿಯೆಂದು ಹೇಗೆ ಕರೆಯುತ್ತಾರೆ? ಇನ್ನೊಂದು: ದಾರಿಯಲ್ಲಿ ಊಟಕ್ಕೆ ನಿಂತ ಮನೆಯ ಗೋಡೆಯ ಮೇಲೆ ದೋಣಿಗಿಂತ ಉದ್ದದ ಮೀನೊಂದನ್ನು ಎಳೆಯುತ್ತಿರುವ ಹಳೆಯ ಚಿತ್ರವಿತ್ತು. ಅಂಥ ಮೀನು ಈ ನದಿಯಲ್ಲಿ ನಿಜಕ್ಕೂ ಇತ್ತೇ, ಅಥವಾ ಚಿತ್ರಕಾರನ ಉತ್ಪ್ರೇಕ್ಷೆಯೇ?

ಅಂಚೆಪೆಟ್ಟಿಗೆ:
ಮೊದಲಿಗೆ ಒಂದು ತಿದ್ದುಪಡಿ. ಯೂರೋಪಿನ ಅತ್ಯಂತ ಉದ್ದದ ನದಿ ವೋಲ್ಗಾ. ಸುಮಾರು 2,850 ಕಿಲೋಮೀಟರ್ ಉದ್ದದ ಡ್ಯಾನ್ಯೂಬ್‌ಗೆ ಎರಡನೆಯ ಸ್ಥಾನ.

ಕಪ್ಪುಕಾಡು_ನಿವಾಸಿ:
ನೀವು ನೋಡಿದ್ದು ಅರಮನೆಯವರ ಉಗಮ, ನದಿಯ ಉಗಮವಲ್ಲ. ಆ ಕೊಳದ ನೀರು ಪಕ್ಕದ ಬ್ರಿಗಾಖ್ ಹೊಳೆಗೆ ಸೇರುವ ಒಂದು ಸಣ್ಣ ಒರತೆ ಮಾತ್ರ. ಬ್ರಿಗಾಖ್ ಮತ್ತು ಬ್ರೆಗ್ ಎಂಬ ಎರಡು ಹೊಳೆಗಳು ಡೊನಾವೆಶಿಂಗೆನ್‌ನ ಅಂಚಿನಲ್ಲಿ ಕೂಡುತ್ತವೆ, ಡ್ಯಾನ್ಯೂಬ್ ಎಂಬ ಹೆಸರು ಅಲ್ಲಿಂದ ಮುಂದಕ್ಕೆ. ಬ್ರಿಗಾಖ್, ಬ್ರೆಗ್ ಎರಡೂ ಸೇರಿಯೇ ಡ್ಯಾನ್ಯೂಬನ್ನು ಹೊರಡಿಸುತ್ತವೆ ಎಂಬ ಅರ್ಥದ ಪ್ರಾಸದ ಸಾಲನ್ನು ಇಲ್ಲಿ ಶಾಲೆಯ ಮಕ್ಕಳೂ ಹೇಳುತ್ತಾರೆ.

ಎರಡರಲ್ಲಿ ಉದ್ದವಾದದ್ದು ಬ್ರೆಗ್. ಅದು ಫುರ್ಟ್‌ವಾಂಗೆನ್ ಊರಿನ ಮೇಲೆ, ಸಮುದ್ರಮಟ್ಟದಿಂದ 1,078 ಮೀಟರ್ ಎತ್ತರದಲ್ಲಿ ಹುಟ್ಟುತ್ತದೆ. ಅಲ್ಲಿಂದ ಕೂಗಳತೆಯ ದೂರದಲ್ಲಿ ಹುಟ್ಟುವ ಎಲ್ಟ್ಸ್ ಎಂಬ ಇನ್ನೊಂದು ಹೊಳೆ ಪಶ್ಚಿಮಕ್ಕೆ ಇಳಿದು ರೈನ್ ನದಿಯನ್ನು ಸೇರುತ್ತದೆ. ಒಂದೇ ಗುಡ್ಡದ ಮೇಲೆ ಬಿದ್ದ ಎರಡು ಮಳೆಹನಿಗಳಲ್ಲಿ ಒಂದು ಕಪ್ಪು ಸಮುದ್ರಕ್ಕೂ ಇನ್ನೊಂದು ಉತ್ತರ ಸಮುದ್ರಕ್ಕೂ ಹೋಗುತ್ತದೆ. ಈ ಎರಡು ಊರುಗಳ ಉಗಮದ ಜಗಳ ತಲೆಮಾರುಗಳಿಂದ ನಡೆದಿದೆ. ನಾನು ಫುರ್ಟ್‌ವಾಂಗೆನ್ ಕಡೆಯವನು ಎಂಬುದನ್ನು ಮುಚ್ಚಿಡುವುದಿಲ್ಲ.

ಭೂಗೋಳದ_ಮೇಷ್ಟ್ರು:
ನೀರು ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ಉತ್ತರ ಸಿಕ್ಕಿ ಒಂದೂವರೆ ಶತಮಾನವಾಗುತ್ತಾ ಬಂದಿದೆ, ಮತ್ತು ಆ ಉತ್ತರ ಸಿಕ್ಕಿದ್ದು ಗಿರಣಿಯವರ ಜಗಳದಿಂದ. ಇಮ್ಮೆಂಡಿಂಗೆನ್ ಬಳಿ ನದಿಯ ತಳದಲ್ಲಿರುವುದು ಸುಣ್ಣಕಲ್ಲು. ಮಳೆನೀರು ಲಕ್ಷಾಂತರ ವರ್ಷ ಅದನ್ನು ಕರಗಿಸಿ ಒಳಗೆಲ್ಲ ಬಿರುಕು, ಗವಿ, ಕೊರಕಲುಗಳನ್ನು ಮಾಡಿದೆ. ಬೇಸಗೆಯಲ್ಲಿ ಹರಿವು ಕಡಿಮೆಯಾದಾಗ ನದಿ ಪೂರ್ತಿಯಾಗಿ ಈ ಬಿರುಕುಗಳಲ್ಲಿ ಇಂಗಿಹೋಗುತ್ತದೆ. ಈಗ ವರ್ಷದಲ್ಲಿ ಸುಮಾರು ಐದು ತಿಂಗಳು ಅಲ್ಲಿ ನೀವು ಕಂಡ ಹಾಗೆಯೇ ಇರುತ್ತದೆ.

ನದಿಯ ನೀರು ಬತ್ತಿ ಕೆಳಗಿನ ಟುಟ್ಲಿಂಗೆನ್ ಊರಿನ ಕಾರ್ಖಾನೆಗಳು ನಿಂತುಹೋಗುತ್ತಿದ್ದರೆ, ದಕ್ಷಿಣಕ್ಕೆ ಹನ್ನೆರಡು ಕಿಲೋಮೀಟರ್ ದೂರದ ಆಖ್ ಎಂಬಲ್ಲಿ ಬುಗ್ಗೆಯ ನೀರಿನಿಂದ ಗಿರಣಿಗಳು ಚೆನ್ನಾಗಿ ತಿರುಗುತ್ತಿದ್ದವು. ನಮ್ಮ ನೀರೇ ಅಲ್ಲಿಗೆ ಹೋಗುತ್ತಿದೆಯೆಂಬ ಗುಮಾನಿ ಹುಟ್ಟದಿರುತ್ತದೆಯೇ? 1877ರಲ್ಲಿ ಕಾರ್ಲ್ಸ್‌ರೂಹೆಯ ಭೂವಿಜ್ಞಾನಿ ಆಡಾಲ್ಫ್ ಕ್ನೋಪ್ ಇಂಗುವ ಜಾಗದಲ್ಲಿ ಹತ್ತು ಕಿಲೋ ಹಸಿರು ಬಣ್ಣವನ್ನೂ ಇಪ್ಪತ್ತು ಟನ್ ಉಪ್ಪನ್ನೂ ಸುರಿಸಿದರು. ಘಾಟು ವಾಸನೆಯ ಎಣ್ಣೆಯನ್ನೂ ಸೇರಿಸಿದರು. ಸುಮಾರು ಅರವತ್ತು ಗಂಟೆಗಳ ಬಳಿಕ ಆಖ್‌ನ ಬುಗ್ಗೆಯಿಂದ ಹೊಳೆಯುವ ಹಸಿರು ನೀರು ಹೊರಬಂತು, ಉಪ್ಪುಪ್ಪಾಗಿತ್ತು, ಎಣ್ಣೆಯ ರುಚಿಯೂ ಇತ್ತು. ಆಖ್ ಹೊಳೆ ಸೇರುವುದು ಬೋಡೆನ್ ಸರೋವರವನ್ನು, ಬೋಡೆನ್ ಸರೋವರದಿಂದ ಹೊರಡುವುದು ರೈನ್. ಹೀಗೆ ಡ್ಯಾನ್ಯೂಬಿನ ತಲೆಯ ಭಾಗದ ನೀರು ನೆಲದಡಿಯಲ್ಲಿ ದಾರಿ ತಪ್ಪಿಸಿಕೊಂಡು ರೈನ್ ಪಾಲಾಗುತ್ತದೆ.

ನೀರಲೆಕ್ಕ:
ಹಾಗಾದರೆ ಬೇಸಗೆಯಲ್ಲಿ ಬ್ರೆಗ್ ಮತ್ತು ಬ್ರಿಗಾಖ್ ರೈನ್‌ನ ಉಪನದಿಗಳು. ಎರಡೂ ಊರಿನವರು ಜಗಳ ನಿಲ್ಲಿಸಬಹುದು.

ಕಪ್ಪುಕಾಡು_ನಿವಾಸಿ:
ಬೇಸಗೆಯಲ್ಲಿ ಮಾತ್ರ. ಚಳಿಗಾಲದಲ್ಲಿ ಜಗಳ ಮುಂದುವರಿಯುತ್ತದೆ.

ತುಂಗಾಪಾನ:
ಇದು ರಾಜ್ಯಗಳ ನಡುವಿನ ಜಲವಿವಾದವಾಗಲಿಲ್ಲವೇ? ನಮ್ಮವರಾಗಿದ್ದರೆ ನ್ಯಾಯಮಂಡಳಿ, ತೀರ್ಪು, ಮರುಪರಿಶೀಲನೆ ಎಂದು ಮೂರು ತಲೆಮಾರು ಕಳೆಯುತ್ತಿದ್ದರು.

ಭೂಗೋಳದ_ಮೇಷ್ಟ್ರು:
ಆಯಿತು, ತುಂಗಾಪಾನದವರೇ. ಇಂಗುವ ಜಾಗವೂ ಆಖ್ ಬುಗ್ಗೆಯೂ ಅಂದಿನ ಬಾಡೆನ್ ರಾಜ್ಯದಲ್ಲಿದ್ದವು, ನೀರು ಕಳೆದುಕೊಳ್ಳುತ್ತಿದ್ದ ಟುಟ್ಲಿಂಗೆನ್ ವುರ್ಟೆಂಬೆರ್ಗ್ ರಾಜ್ಯದಲ್ಲಿತ್ತು. 1927ರಲ್ಲಿ ಪ್ರಕರಣ ಜರ್ಮನಿಯ ರಾಜ್ಯ ವ್ಯಾಜ್ಯಗಳ ನ್ಯಾಯಾಲಯದ ಮುಂದೆ ಬಂತು. ನೀರು ತಾನಾಗಿ ಇಂಗುವುದನ್ನು ಎಲ್ಲರೂ ಸಹಿಸಬೇಕು, ಆದರೆ ಇಂಗುವುದನ್ನು ಕೃತಕವಾಗಿ ಹೆಚ್ಚಿಸುವ ಕೆಲಸವನ್ನು ಬಾಡೆನ್ ಮಾಡಬಾರದು, ಕೃತಕವಾಗಿ ತಡೆಯುವ ಕೆಲಸವನ್ನು ವುರ್ಟೆಂಬೆರ್ಗ್ ಮಾಡಬಾರದು ಎಂಬುದು ಅದರ ನಿಲುವಿನ ಸಾರ. ಗಡಿ ದಾಟುವ ನದಿಗಳ ಕಾನೂನನ್ನು ಓದುವವರು ಇಂದಿಗೂ ಈ ಪ್ರಕರಣವನ್ನು ಓದುತ್ತಾರೆ.

ನೀರಲೆಕ್ಕ:
ಹೊಳೆದಂಡೆಯವರ ಎರಡನೆಯ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಇಂಗಿದ ಜಾಗದಿಂದ ಕೆಳಗೆ ಕ್ರೇಯೆನ್‌ಬಾಖ್, ಎಲ್ಟಾ ಎಂಬ ಸಣ್ಣ ಹೊಳೆಗಳು ಬಂದು ಒಣಗಿದ ಪಾತ್ರಕ್ಕೆ ಮತ್ತೆ ನೀರು ತುಂಬುತ್ತವೆ. ಬತ್ತಿದ ತಿಂಗಳುಗಳಲ್ಲಿ ಡ್ಯಾನ್ಯೂಬ್ ವಾಸ್ತವವಾಗಿ ಹುಟ್ಟುವುದು ಅವುಗಳಿಂದ. ಇನ್ನೂ ಕೆಳಗೆ ಪಾಸ್ಸಾವ್ ನಗರಕ್ಕೆ ಹೋಗಿ ನೋಡಿ. ಅಲ್ಲಿ ಎಡದಿಂದ ಕಪ್ಪು ಬಣ್ಣದ ಇಲ್ಟ್ಸ್, ಬಲದಿಂದ ಆಲ್ಪ್ಸ್‌ನ ಹಿಮ ಕರಗಿದ ಹಸಿರು ಛಾಯೆಯ ಇನ್ ನದಿ ಬಂದು ಕೂಡುತ್ತವೆ, ಮೂರು ಬಣ್ಣಗಳು ಸ್ವಲ್ಪ ದೂರ ಜೊತೆಜೊತೆಯಾಗಿ ಹರಿಯುತ್ತವೆ. ವರ್ಷದ ಸರಾಸರಿ ತೆಗೆದರೆ ಅಲ್ಲಿ ಇನ್ ತರುವ ನೀರು ಡ್ಯಾನ್ಯೂಬಿನ ನೀರಿಗಿಂತ ತುಸು ಹೆಚ್ಚು. ನ್ಯಾಯವಾಗಿ ವಿಯೆನ್ನಾ, ಬುಡಾಪೆಸ್ಟ್, ಬೆಲ್‌ಗ್ರೇಡ್‌ಗಳು ಇನ್ ನದಿಯ ದಡದಲ್ಲಿರಬೇಕಿತ್ತು.

ಭೂಗೋಳದ_ಮೇಷ್ಟ್ರು:
ನೀರಿನ ಪ್ರಮಾಣವೊಂದೇ ಅಳತೆಯಲ್ಲ. ಪಾಸ್ಸಾವ್‌ಗೆ ಬರುವಷ್ಟರಲ್ಲಿ ಇನ್ ಕ್ರಮಿಸಿರುವುದು 517 ಕಿಲೋಮೀಟರ್, ಡ್ಯಾನ್ಯೂಬ್ ಕ್ರಮಿಸಿರುವುದು ಅದಕ್ಕಿಂತ ನೂರಕ್ಕೂ ಹೆಚ್ಚು ಕಿಲೋಮೀಟರ್. ಇನ್‌ನ ನೀರು ಹೆಚ್ಚಾಗಿ ಹಿಮ ಕರಗುವ ಬೇಸಗೆಯದು, ಚಳಿಗಾಲದಲ್ಲಿ ಡ್ಯಾನ್ಯೂಬಿನ ಕೈ ಮೇಲಾಗುತ್ತದೆ. ಕೂಡಿದ ಮೇಲೂ ನದಿ ಸಾಗುವ ದಿಕ್ಕು ಡ್ಯಾನ್ಯೂಬಿನದೇ.

ನೀರಲೆಕ್ಕ:
ಮೇಷ್ಟ್ರೇ, ಬ್ರೆಗ್ ಉದ್ದವೆಂದು ಅದನ್ನು ಉಗಮವೆನ್ನುವವರು ಉದ್ದವನ್ನು ಅಳೆಯುತ್ತಾರೆ, ಅರಮನೆಯವರು ಪ್ರತಿಷ್ಠೆಯನ್ನು ಅಳೆಯುತ್ತಾರೆ, ನೀವು ದಿಕ್ಕನ್ನು ಅಳೆಯುತ್ತೀರಿ. ನಾನು ನೀರನ್ನು ಅಳೆದರೆ ಮಾತ್ರ ತಪ್ಪೇ?

ಪದಮೂಲ:
ಹೆಸರಿನ ವಿಷಯ ಬಂದದ್ದರಿಂದ ಹೇಳುತ್ತೇನೆ. ಋಗ್ವೇದದಲ್ಲಿ 'ದಾನು' ಎಂಬ ಪದ ಹನಿ, ದ್ರವ ಎಂಬ ಅರ್ಥದಲ್ಲಿದೆ, ವೃತ್ರನ ತಾಯಿಯ ಹೆಸರೂ ದಾನು. ಡ್ಯಾನ್ಯೂಬ್ ಎಂಬುದು ನಮ್ಮ ಸಂಸ್ಕೃತದಿಂದಲೇ ಹೋದ ಹೆಸರು ಎಂಬುದರಲ್ಲಿ ಅನುಮಾನವಿಲ್ಲ.

ಅಂಚೆಪೆಟ್ಟಿಗೆ:
ಅನುಮಾನವಿದೆ. ಅವು ಒಂದೇ ಮೂಲದ ಪದಗಳು, ಒಂದು ಇನ್ನೊಂದರಿಂದ ಹುಟ್ಟಿದ್ದಲ್ಲ. ಅವೆಸ್ತಾದ ಭಾಷೆಯಲ್ಲಿ 'ದಾನು' ಎಂದರೆ ನದಿ. ಒಸ್ಸೇಟಿಯನ್ ಭಾಷೆಯಲ್ಲಿ ಇಂದಿಗೂ 'ದೋನ್' ಎಂದರೆ ನೀರು. ಡಾನ್, ನೀಪರ್, ನೀಸ್ಟರ್ ನದಿಗಳ ಹೆಸರಿನಲ್ಲಿಯೂ ಅದೇ ಬೇರಿದೆ. ಅಕ್ಕತಂಗಿಯರನ್ನು ತಾಯಿಮಕ್ಕಳೆಂದು ಹೇಳಬಾರದು. ಗ್ರೀಕರಂತೂ ಇದರ ಕೆಳಭಾಗವನ್ನು ಇಸ್ಟ್ರೋಸ್ ಎಂದೇ ಕರೆಯುತ್ತಿದ್ದರು.

ಪದಮೂಲ:
'ಅನುಮಾನವಿಲ್ಲ' ಎಂಬುದನ್ನು ಹಿಂತೆಗೆದುಕೊಳ್ಳುತ್ತೇನೆ. ಸಂಬಂಧವಿದೆ ಎಂಬುದನ್ನು ಬಿಟ್ಟುಕೊಡುವುದಿಲ್ಲ.

ಮೀನುಮನೆ:
ನಾನು ವಿಯೆನ್ನಾದಲ್ಲಿ ಮೀನುಗಳ ಮೇಲೆ ಕೆಲಸ ಮಾಡುತ್ತೇನೆ. ಗೋಡೆಯ ಮೇಲಿನ ಆ ಚಿತ್ರ ಉತ್ಪ್ರೇಕ್ಷೆಯಲ್ಲ. ಅದು ಬೆಲೂಗಾ ಸ್ಟರ್ಜನ್ ಇರಬೇಕು. ಐದು ಮೀಟರಿಗೂ ಮೀರಿ ಬೆಳೆಯಬಲ್ಲ, ಒಂದು ಟನ್ ತೂಗಬಲ್ಲ, ನೂರು ವರ್ಷ ಬದುಕಬಲ್ಲ ಮೀನು ಅದು. ಮೈಮೇಲೆ ಹುರುಪೆಯ ಬದಲು ಐದು ಸಾಲು ಮೂಳೆಯ ಬಿಲ್ಲೆಗಳಿರುತ್ತವೆ, ಬಾಯಿ ಮುಖದ ಅಡಿಯಲ್ಲಿರುತ್ತದೆ. ಡ್ಯಾನ್ಯೂಬ್‌ನಲ್ಲಿ ಮೂಲತಃ ಆರು ಬಗೆಯ ಸ್ಟರ್ಜನ್‌ಗಳಿದ್ದವು. ಅವುಗಳಲ್ಲಿ ಸ್ಟರ್ಲೆಟ್ ಎಂಬ ಚಿಕ್ಕದು ಜೀವಮಾನವಿಡೀ ಸಿಹಿನೀರಿನಲ್ಲಿಯೇ ಇರುತ್ತದೆ, ಬೆಲೂಗಾದಂಥವು ಕಪ್ಪು ಸಮುದ್ರದಲ್ಲಿ ಬೆಳೆದು ಮೊಟ್ಟೆಯಿಡಲು ಮಾತ್ರ ನದಿಯನ್ನು ಏರುತ್ತವೆ. ಹಿಂದೆ ಅವು ಬವೇರಿಯಾದವರೆಗೂ ಬರುತ್ತಿದ್ದವು.

ಈಗ ಅವು ಬರಲಾರವು. ಸರ್ಬಿಯಾ ಮತ್ತು ರೊಮೇನಿಯಾಗಳ ಗಡಿಯಲ್ಲಿ ಕಾರ್ಪೇಥಿಯನ್ ಬೆಟ್ಟಗಳನ್ನು ಸೀಳಿಕೊಂಡು ನದಿ ಹಾಯುವ 'ಕಬ್ಬಿಣದ ಬಾಗಿಲು' ಎಂಬ ಕಣಿವೆಯಲ್ಲಿ 1972ರಲ್ಲಿ ಒಂದು, ಅದರ ಕೆಳಗೆ 1984ರಲ್ಲಿ ಇನ್ನೊಂದು ಅಣೆಕಟ್ಟು ಪೂರ್ಣಗೊಂಡವು. ಅಡಾ ಕಲೆಹ್ ಎಂಬ ದ್ವೀಪ, ಅದರ ಮೇಲಿದ್ದ ತುರ್ಕರ ಊರು, ಮಸೀದಿ ಎಲ್ಲವೂ ಮುಳುಗಿದವು. ಕೆಳಗಿನ ಅಣೆಕಟ್ಟು ಸಮುದ್ರದಿಂದ 863 ಕಿಲೋಮೀಟರ್ ದೂರದಲ್ಲಿದೆ. ಸಮುದ್ರದಿಂದ ಬರುವ ಮೀನಿಗೆ ಡ್ಯಾನ್ಯೂಬ್ ಈಗ ಅಷ್ಟೇ ಉದ್ದ.

ಅದೇ ಕಣಿವೆಯ ಲೆಪೆನ್ಸ್ಕಿ ವಿರ್ ಎಂಬಲ್ಲಿ ಎಂಟು ಸಾವಿರ ವರ್ಷಗಳ ಹಿಂದೆ ಬದುಕಿದ್ದ ಜನ ಉರುಟು ಬಂಡೆಗಳಲ್ಲಿ ಮೀನಿನಂಥ ತುಟಿಯ, ಮನುಷ್ಯನಂಥ ಕಣ್ಣಿನ ಮುಖಗಳನ್ನು ಕೆತ್ತಿ ಮನೆಯ ಒಲೆಯ ಬಳಿ ಇಟ್ಟುಕೊಳ್ಳುತ್ತಿದ್ದರು. ಅವರ ಊಟದಲ್ಲಿ ಸ್ಟರ್ಜನ್ ಇತ್ತು. ಆ ಮುಖಗಳನ್ನು ಒಮ್ಮೆ ನೋಡಿದವರಿಗೆ ಮರೆಯುವುದು ಕಷ್ಟ.

ಗಾಳಹಾಕುವವ:
ಎಲ್ಲದಕ್ಕೂ ಅಣೆಕಟ್ಟನ್ನು ದೂರುವುದು ಈಗಿನ ರೂಢಿ. ಹದಿನಾರನೆಯ ಶತಮಾನದ ಹೊತ್ತಿಗೇ ಹಂಗೇರಿ ಮತ್ತು ಆಸ್ಟ್ರಿಯಾಗಳಲ್ಲಿ ನದಿಗೆ ಅಡ್ಡಲಾಗಿ ಬೇಲಿ ಕಟ್ಟಿ ಸ್ಟರ್ಜನ್‌ಗಳನ್ನು ರಾಶಿರಾಶಿಯಾಗಿ ಹಿಡಿದು ಮುಗಿಸಿದ್ದರೆಂದು ಓದಿದ್ದೇನೆ. 1972ರ ಕಾಂಕ್ರೀಟು ಹದಿನಾರನೆಯ ಶತಮಾನದ ಮೀನನ್ನು ಹೇಗೆ ಕೊಂದೀತು?

ಮೀನುಮನೆ:
ಒಪ್ಪುತ್ತೇನೆ, ಮೇಲ್ಭಾಗದ ನದಿಯಲ್ಲಿ ಅತಿಯಾದ ಮೀನುಗಾರಿಕೆಯೇ ಮೊದಲ ಪೆಟ್ಟು. ಆದರೆ ಎರಡೂ ಕಾರಣಗಳು ಒಂದರ ಮೇಲೊಂದು ಬಿದ್ದದ್ದೇ ಇಲ್ಲಿಯ ದುರಂತ. ಹೆಣ್ಣು ಬೆಲೂಗಾ ಮೊದಲ ಸಲ ಮೊಟ್ಟೆಯಿಡಲು ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಬೇಕು, ಆಮೇಲೂ ಅದು ಪ್ರತಿವರ್ಷ ಮೊಟ್ಟೆಯಿಡುವುದಿಲ್ಲ. ಕ್ಯಾವಿಯಾರ್ ಎಂದರೆ ಆ ಮೊಟ್ಟೆಯೇ. ಅದಕ್ಕಾಗಿ ಹಿಡಿಯುವುದು ಮೊಟ್ಟೆಯಿಡಲು ಬಂದ ತಾಯಿಯನ್ನೇ. ಇಷ್ಟು ನಿಧಾನವಾಗಿ ಬೆಳೆಯುವ ಮೀನು ಒಂದು ಪೆಟ್ಟಿನಿಂದ ಚೇತರಿಸಿಕೊಳ್ಳುವ ಮೊದಲೇ ಅದರ ಮೊಟ್ಟೆಯ ಜಾಗಗಳನ್ನು ಅಣೆಕಟ್ಟು ಮುಚ್ಚಿತು. ರೊಮೇನಿಯಾ 2006ರಲ್ಲಿ ಕಾಡು ಸ್ಟರ್ಜನ್ ಹಿಡಿಯುವುದನ್ನು ಹತ್ತು ವರ್ಷ ನಿಷೇಧಿಸಿತು, 2016ರಲ್ಲಿ ಐದು ವರ್ಷ ವಿಸ್ತರಿಸಿತು, 2021ರಲ್ಲಿ ಅವಧಿಯ ಮಿತಿಯನ್ನೇ ತೆಗೆದುಹಾಕಿತು. ಕಳ್ಳಬೇಟೆ ಮಾತ್ರ ನಿಂತಿಲ್ಲ.

ಗಾಳಹಾಕುವವ:
ಮೊಟ್ಟೆಯ ವಿಷಯ ನನಗೆ ಹೊಳೆದಿರಲಿಲ್ಲ. ಆದರೂ ಕೇಳುತ್ತೇನೆ, ಅಣೆಕಟ್ಟಿನಲ್ಲಿ ಮೀನಿಗೆ ಏಣಿ ಕಟ್ಟಲಾಗದೇ?

ಮೀನುಮನೆ:
ಸಾಲ್ಮನ್‌ನಂತೆ ನೆಗೆಯುವ ಮೀನಿಗೆ ಕಟ್ಟುವ ಏಣಿ ತಳದಲ್ಲೇ ಈಜುವ, ಮೂರು ನಾಲ್ಕು ಮೀಟರ್ ಉದ್ದದ ಮೀನಿಗೆ ಆಗಿಬರುವುದಿಲ್ಲ. ಅಧ್ಯಯನಗಳು ನಡೆದಿವೆ, ನಡೆಯುತ್ತಲೂ ಇವೆ. ಹತ್ತಿಸಿದರೆ ಸಾಲದು, ಮೊಟ್ಟೆಯೊಡೆದ ಮರಿಗಳು ನೂರಾರು ಕಿಲೋಮೀಟರ್ ನಿಂತ ನೀರನ್ನು ದಾಟಿ ಟರ್ಬೈನಿಗೆ ಸಿಕ್ಕದೆ ಕೆಳಗೆ ಬರಬೇಕು. ನನ್ನ ಮಟ್ಟಿಗೆ ಇದೇ ಕಷ್ಟದ ಅರ್ಧ.

ಬುಡಾಪೆಸ್ಟ್_ಕನ್ನಡಿಗ:
ಮೇಲ್ಭಾಗದಲ್ಲಿ ಎಲ್ಲವೂ ಸೋಲಿನ ಕಥೆಯೇ ಅಲ್ಲ. ವಿಯೆನ್ನಾದ ಕೆಳಗೆ ಹೈನ್‌ಬುರ್ಗ್ ಬಳಿ ಜಲವಿದ್ಯುತ್ ಸ್ಥಾವರಕ್ಕಾಗಿ ನದಿಯಂಚಿನ ಕಾಡು ಕಡಿಯಲು ಹೊರಟಾಗ, 1984ರ ಡಿಸೆಂಬರ್ ಚಳಿಯಲ್ಲಿ ಸಾವಿರಾರು ಜನ ಹೋಗಿ ಆ ಕಾಡಿನಲ್ಲಿ ಬಿಡಾರ ಹೂಡಿದರು, ಪೊಲೀಸರ ಲಾಠಿಯೇಟನ್ನೂ ತಿಂದರು. ಕೊನೆಗೆ ಯೋಜನೆ ನಿಂತಿತು, 1996ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಯೂರೋಪಿನ ಕೊಳದಾಮೆ ಇಂದಿಗೂ ಅಲ್ಲಿ ಮರಿಮಾಡುತ್ತದೆ, ಬೀವರ್‌ಗಳು ಮರ ಕಡಿಯುತ್ತವೆ. ಅವುಗಳಿಗೆ ಮಾತ್ರ ಅನುಮತಿ ಬೇಕಿಲ್ಲ.

ಉಪನದಿಗಳನ್ನು ಬಿಟ್ಟು ಮಾತಾಡುತ್ತಿದ್ದೀರಿ ಎಂಬುದು ನನ್ನ ಆಕ್ಷೇಪ. ಹಂಗೇರಿಯ ಟಿಸ್ಸಾ ನದಿಯಲ್ಲಿ ಜೂನ್ ತಿಂಗಳ ಕೆಲವೇ ಸಂಜೆಗಳಲ್ಲಿ, ದಡದ ಜೇಡಿಯೊಳಗೆ ಮೂರು ವರ್ಷ ಹುಳುವಾಗಿ ಕಳೆದ ಉದ್ದಬಾಲದ ಮೇಫ್ಲೈಗಳು ಲಕ್ಷಾಂತರವಾಗಿ ಒಟ್ಟಿಗೆ ಮೇಲೆದ್ದು, ಕೂಡಿ, ಮೊಟ್ಟೆಯಿಟ್ಟು, ಕೆಲವು ಗಂಟೆಗಳಲ್ಲಿ ಸಾಯುತ್ತವೆ. ಇಲ್ಲಿಯವರು ಅದನ್ನು 'ಟಿಸ್ಸಾ ಹೂಬಿಡುವುದು' ಎನ್ನುತ್ತಾರೆ. ನಾನು ಒಮ್ಮೆ ದೋಣಿಯಲ್ಲಿ ಕುಳಿತು ನೋಡಿದೆ. ನಮ್ಮೂರಿನಲ್ಲಿ ಮೊದಲ ಮಳೆಯ ಸಂಜೆ ಈಚಲು ಏಳುವುದನ್ನು ಕಂಡವರಿಗೆ ಅದನ್ನು ಊಹಿಸಿಕೊಳ್ಳುವುದು ಸುಲಭ, ಆದರೆ ಇಲ್ಲಿ ಅದು ನೀರಿನ ಮೇಲೆ. ಅದೇ ನದಿಗೆ 2000ದ ಜನವರಿ 30ರಂದು ರೊಮೇನಿಯಾದ ಬಾಯಾ ಮಾರೆ ಬಳಿಯ ಚಿನ್ನದ ಗಣಿತ್ಯಾಜ್ಯದ ಕಟ್ಟೆಯೊಡೆದು ಸುಮಾರು ಒಂದು ಲಕ್ಷ ಘನ ಮೀಟರ್ ಸಯನೈಡ್ ನೀರು ಹರಿಯಿತು. ಹಂಗೇರಿಯೊಂದರಲ್ಲೇ ಸಾವಿರ ಟನ್ನಿಗೂ ಹೆಚ್ಚು ಮೀನು ಸತ್ತಿತು, ವಿಷ ಡ್ಯಾನ್ಯೂಬನ್ನೂ ಮುಟ್ಟಿತು.

ಮದ್ದೂರು_ಸೀಮೆ:
ಡ್ಯಾನ್ಯೂಬ್ ನದೀಮುಖಜ ಭೂಮಿಯಲ್ಲಿರುವುದು ನಮ್ಮ ಕೊಕ್ಕರೆಬೆಳ್ಳೂರಿನ ಹೆಜ್ಜಾರ್ಲೆಗಳೇ ಎಂದು ಎಲ್ಲಿಯೋ ಕೇಳಿದ್ದೆ. ಅಲ್ಲಿಂದ ಇಲ್ಲಿಗೆ ವಲಸೆ ಬರುತ್ತವೆಯೇ?

ಹಕ್ಕಿನೋಟ:
ಇಲ್ಲ. ಬೆಳ್ಳೂರಿನಲ್ಲಿ ಗೂಡು ಕಟ್ಟುವುದು ಚುಕ್ಕೆ ಕೊಕ್ಕಿನ ಹೆಜ್ಜಾರ್ಲೆ, ಅದು ಮರದ ಮೇಲೆ, ಊರಿನ ನಡುವೆ ಗೂಡು ಕಟ್ಟುತ್ತದೆ. ಡ್ಯಾನ್ಯೂಬಿನದು ದೊಡ್ಡ ಬಿಳಿ ಹೆಜ್ಜಾರ್ಲೆ, ಜೊತೆಗೆ ಕಡಿಮೆ ಸಂಖ್ಯೆಯಲ್ಲಿ ಡಾಲ್ಮೇಶಿಯನ್ ಹೆಜ್ಜಾರ್ಲೆ. ಅವು ಮನುಷ್ಯರು ಸುಳಿಯದ ಜೊಂಡಿನ ನಡುವೆ ನೆಲಮಟ್ಟದಲ್ಲಿ ಗೂಡು ಮಾಡುತ್ತವೆ. ಅಲ್ಲಿಯ ಬಿಳಿ ಹೆಜ್ಜಾರ್ಲೆಗಳು ಚಳಿಗಾಲಕ್ಕೆ ಹೋಗುವುದು ಆಫ್ರಿಕಾದ ಕಡೆಗೆ.

ನಿಜವಾದ ನಂಟು ಬೇಕಿದ್ದರೆ ಗುಲಾಬಿ ಕಬ್ಬಕ್ಕಿಯನ್ನು ನೋಡಿ. ಡ್ಯಾನ್ಯೂಬ್ ಮತ್ತು ಕಪ್ಪು ಸಮುದ್ರದ ನಡುವಿನ ಡೊಬ್ರೊಜಾ ಪ್ರದೇಶ ಆ ಹಕ್ಕಿ ಗೂಡುಕಟ್ಟುವ ವ್ಯಾಪ್ತಿಯ ಪಶ್ಚಿಮದ ಅಂಚು. ಮಿಡತೆ ಹೆಚ್ಚಾದ ವರ್ಷ ಅಲ್ಲಿಯ ಕಲ್ಲುಗಣಿಗಳ ಸಂದುಗಳಲ್ಲಿ ಹಿಂಡುಹಿಂಡಾಗಿ ಮರಿಮಾಡುತ್ತದೆ, ಮರುವರ್ಷ ಒಂದೂ ಕಾಣದಿರಬಹುದು. ಈ ಪ್ರಭೇದ ಚಳಿಗಾಲ ಕಳೆಯುವುದು ಭಾರತದಲ್ಲಿ. ನಮ್ಮ ಬಯಲುಸೀಮೆಯಲ್ಲಿ ಬಿಳಿಜೋಳದ ತೆನೆಗೆ ಮುಗಿಬೀಳುವ ಹಿಂಡು ಇದೇ.

ಮದ್ದೂರು_ಸೀಮೆ:
ತಿದ್ದಿದ್ದಕ್ಕೆ ಧನ್ಯವಾದ. ಆ ನದೀಮುಖದ ಬಗ್ಗೆ ಇನ್ನಷ್ಟು ಬರೆಯಿರಿ.

ಹಕ್ಕಿನೋಟ:
ತುಲ್ಚಾ ನಗರದ ಮೇಲ್ಗಡೆ ನದಿ ಒಡೆದು, ಚಿಲಿಯಾ, ಸುಲಿನಾ, ಸ್ಫಂತು ಗೆಯೋರ್ಗೆ ಎಂಬ ಮೂರು ಕವಲುಗಳಾಗಿ ಕಪ್ಪು ಸಮುದ್ರವನ್ನು ಸೇರುತ್ತದೆ. ನಡುವಿನ ಸಾವಿರಾರು ಚದರ ಕಿಲೋಮೀಟರ್ ಜಾಗದಲ್ಲಿ ಬಹುಪಾಲು ರೊಮೇನಿಯಾದ್ದು, ಉಳಿದದ್ದು ಉಕ್ರೇನಿನದು. 1991ರಲ್ಲಿ ರೊಮೇನಿಯಾದ ಭಾಗ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿ ದಾಖಲಾದ ಹಕ್ಕಿಗಳು ಮುನ್ನೂರು ಪ್ರಭೇದಗಳಿಗೂ ಹೆಚ್ಚು. ಜೊಂಡಿನ ಬೇರುಗಳೇ ಹೆಣೆದುಕೊಂಡು ತೇಲುವ ನೆಲವಾಗಿರುವ ಕಡೆ ದೋಣಿಯವನು ಇಳಿಯಬೇಡಿರೆಂದು ಎಚ್ಚರಿಸುತ್ತಾನೆ, ಕೇಳುವುದು ಒಳ್ಳೆಯದು. ನಾನು ಕೇಳದೆ ಮೊಣಕಾಲುಮಟ್ಟ ಹೂತಿದ್ದೆ. ರಾತ್ರಿ ತಂಗಿದ್ದ ಹಳ್ಳಿಯಲ್ಲಿ ನರಿಗಳ ಊಳು ಕೇಳಿ ಬೆರಗಾದೆ: ಅದು ನಮ್ಮ ಊರಿನ ನರಿಯ ಪ್ರಭೇದವೇ, ಅಲ್ಲಿ ಧಾರಾಳವಾಗಿದೆ, ಇತ್ತೀಚಿನ ದಶಕಗಳಲ್ಲಿ ನದಿಯ ಮೇಲ್ಮುಖವಾಗಿ ಮಧ್ಯ ಯೂರೋಪಿನ ಕಡೆಗೂ ಹರಡುತ್ತಿದೆ.

ಸುಲಿನಾದಲ್ಲಿ ಒಂದು ಹಳೆಯ ದೀಪಸ್ತಂಭವಿದೆ. ಕಟ್ಟುವಾಗ ಅದು ಕಡಲ ಅಂಚಿನಲ್ಲಿತ್ತು, ನದಿ ತಂದ ಮಣ್ಣು ಕಡಲನ್ನು ಹಿಂದಕ್ಕೆ ತಳ್ಳಿ ಈಗ ಅದು ಊರಿನೊಳಗೆ ನಿಂತಿದೆ.

ನೀರಲೆಕ್ಕ:
ಅಣೆಕಟ್ಟುಗಳು ಹೂಳನ್ನು ಹಿಡಿದಿಟ್ಟುಕೊಂಡ ಮೇಲೆ ಆ ಲೆಕ್ಕ ತಿರುಗಿದೆ. ಈಗ ಹಲವು ಕಡೆ ಕಡಲೇ ದಡವನ್ನು ಕೊರೆಯುತ್ತಿದೆ.

ಭೂಗೋಳದ_ಮೇಷ್ಟ್ರು:
ಸುಲಿನಾ ಎಂದೊಡನೆ ಹೊಳೆದದ್ದು. ನಾವು ಉಗಮದಿಂದ ಎಣಿಸಲು ಹೋಗಿ ಜಗಳವಾಡುತ್ತಿದ್ದೇವೆ. ಈ ನದಿಯ ಕಿಲೋಮೀಟರ್ ಕಲ್ಲುಗಳ ಎಣಿಕೆ ಉಗಮದಿಂದ ಆರಂಭವಾಗುವುದೇ ಇಲ್ಲ. ಸೊನ್ನೆ ಇರುವುದು ಸುಲಿನಾದಲ್ಲಿ, ಸಂಖ್ಯೆ ಮೇಲಕ್ಕೆ ಬೆಳೆಯುತ್ತದೆ. ಮೀನುಮನೆಯವರು ಹೇಳಿದ 863 ಕೂಡ ಅದೇ ಎಣಿಕೆಯದು. ಹಡಗಿನವರಿಗೆ ಬೇಕಾದದ್ದು ಕಡಲಿನಿಂದ ಎಷ್ಟು ದೂರ ಎಂಬ ಲೆಕ್ಕ, ಉಗಮ ಯಾರ ತೋಟದಲ್ಲಿದೆ ಎಂಬುದಲ್ಲ.

ಮೀನುಮನೆ:
ಸ್ಟರ್ಜನ್ ಕೂಡ ಹಾಗೆಯೇ ಎಣಿಸುತ್ತದೆ, ಮೇಷ್ಟ್ರೇ.

ಕಪ್ಪುಕಾಡು_ನಿವಾಸಿ:
ಹಾಗೆ ಎಣಿಸಿದರೂ ಕೊನೆಯ ಕಲ್ಲು ಎಲ್ಲಿ ನೆಡಬೇಕು ಎಂಬ ಪ್ರಶ್ನೆ ಉಳಿಯುತ್ತದೆ. ಫುರ್ಟ್‌ವಾಂಗೆನ್‌ನಲ್ಲಿ ನೆಡಿ.

ಹೊಳೆದಂಡೆ:
ಎಲ್ಲರಿಗೂ ವಂದನೆಗಳು. ಮುಂದಿನ ಸಲ ಇಮ್ಮೆಂಡಿಂಗೆನ್‌ನಿಂದ ನೇರವಾಗಿ ಆಖ್ ಬುಗ್ಗೆಗೆ ಹೋಗಬೇಕೆಂದಿದ್ದೇವೆ. ನದಿ ತುಂಬಿ ಹರಿಯುವುದನ್ನೂ ಅದೇ ಜಾಗದಲ್ಲಿ ನೋಡಬೇಕಿದ್ದರೆ ಯಾವಾಗ ಬರಬೇಕು?

ಕಪ್ಪುಕಾಡು_ನಿವಾಸಿ:
ಹಿಮ ಕರಗುವ ಮಾರ್ಚಿನಲ್ಲಿ ಬನ್ನಿ. ಆಗ ಚಪ್ಪಲಿಯಲ್ಲಿ ದಾಟಲು ಹೋಗಬೇಡಿ.